ವೀರಸ್ವರ್ಗ ಬೇಡವೆಂದವನು

ಆ ಶನಿವಾರ ನನ್ನ ಯೋಧ ಸಾಯಬೇಕೆಂದು ಉಳಿದ ಮೂವರೂ ತೀರ್ಮಾನಿಸಿಕೊಂಡು ಬಂದಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಮಾತು ಕಡಿಮೆಯವಳು. ನನ್ನ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ಅವರಿಗೆ ರೂಢಿಯಾಗಿತ್ತು.

ನಾವು ಆಡುತ್ತಿದ್ದುದು ಕಾಗದ, ಪೆನ್ಸಿಲು, ದಾಳಗಳ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಈಗ ಏನು ಮಾಡುತ್ತದೆ ಎಂದು ಹೇಳುತ್ತ ಹೋಗುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುತ್ತಿದ್ದವಳು ನನ್ನ ಕಾಲೇಜಿನ ಗೆಳತಿ. ಉತ್ತರ ಯುರೋಪಿನ ಹಳೆಯ ನಾರ್ಸ್ ಪುರಾಣಗಳನ್ನು ಓದಿ ಓದಿ ಅವಳೇ ಕಟ್ಟಿದ ಲೋಕ ಅದು: ಹಿಮ, ಉದ್ದನೆಯ ದೋಣಿಗಳು, ಕೊಡಲಿ ಹಿಡಿದ ಗಂಡಸರು, ಮುಂಗೋಪದ ದೇವತೆಗಳು. ಚಿಕ್ಕಲಸಂದ್ರದ ಅವಳ ಮನೆಯ ಮಹಡಿ ಕೋಣೆಯಲ್ಲಿ, ಕಾಗದ ಹಾರಬಾರದೆಂದು ಫ್ಯಾನನ್ನು ನಿಧಾನಕ್ಕೆ ಇಟ್ಟುಕೊಂಡು, ಬೆವರುತ್ತ, ನಾವು ಎರಡು ವರ್ಷ ಆ ಹಿಮದಲ್ಲಿ ಓಡಾಡಿದ್ದೆವು.

ಆಡುವವರು ಮೂವರು. ನಾನು, ಗೆಳತಿಯ ಶಾಲೆಯ ದಿನಗಳ ಸ್ನೇಹಿತನಾದ ಜಯನಗರದ ಒಬ್ಬ ದಂತವೈದ್ಯ, ಮತ್ತು ವಿಜಯಪುರದಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಗೆಳತಿಯ ಸಹೋದ್ಯೋಗಿ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನೆಂದು ಅವನು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದ. ನಮ್ಮ ಮೂವರ ಯೋಧರೂ ಒಂದೇ ಪಡೆಯವರು. ಒಡೆಯನ ಉಂಗುರ ತೊಟ್ಟು, ಅವನ ಮನೆಯಲ್ಲಿ ಉಂಡು, ಅವನು ಸತ್ತ ದಿನ ಅವನ ಚಿತೆಯನ್ನೇರುತ್ತೇವೆಂದು ಆಣೆಯಿಟ್ಟ ಪಡೆ. ಒಡೆಯನೊಡನೆ ಪ್ರಾಣ ಬಿಡುತ್ತೇವೆಂದು ಭಾಷೆ ಕೊಟ್ಟ ವೇಳೆವಾಳಿಗಳು ನಮ್ಮ ಹಳೆಯ ರಾಜರ ಬಳಿಯೂ ಇದ್ದರೆಂದು ಬಿ.ಎ.ಯಲ್ಲಿ ಓದಿದ್ದೆ. ಹಾಗಾಗಿ ಆ ನಿಯಮ ನನಗೆ ಯಾವತ್ತೂ ಪರದೇಶದ್ದೆನಿಸಿರಲಿಲ್ಲ.

ಹಿಂದಿನ ವಾರ ಒಡೆಯ ಸತ್ತಿದ್ದ. ಗೆಳತಿಯ ಯೋಜನೆ ಸ್ಪಷ್ಟವಾಗಿತ್ತು. ಮೂವರೂ ಚಿತೆಯೇರಬೇಕು, ಕುದುರೆಗಳ ಮೇಲೆ ಬಂದ ದೇವಕನ್ಯೆಯರು ನಮ್ಮನ್ನು ವೀರಸ್ವರ್ಗಕ್ಕೆ ಒಯ್ಯಬೇಕು, ಆಟದ ಮುಂದಿನ ಭಾಗವೆಲ್ಲ ಅಲ್ಲಿ. ಅದಕ್ಕಾಗಿ ಅವಳು ತಿಂಗಳುಗಟ್ಟಲೆ ಕೂತು ಸ್ವರ್ಗದ ನಕ್ಷೆ ಬರೆದಿದ್ದಳು. ಸಾಯದೆ ಉಳಿದವನಿಗೆ ಮುಂದೆ ಆಟವೇ ಇರಲಿಲ್ಲ.

ದಂತವೈದ್ಯ ಮೊದಲು ಏರಿದ. ‘ನಗ್ತಾ ಹತ್ತಿದೆ ಗುರು, ಕೈಯಲ್ಲಿ ಮದ್ಯ ತುಂಬಿದ ಕೊಂಬು,’ ಎಂದ. ವಿಜಯಪುರದವನು ಕಣ್ಣು ಮುಚ್ಚಿ, ಒಡೆಯನ ಪಾದ ಮುಟ್ಟಿದೆನೆಂದು ಹೇಳಿ, ಗಂಭೀರವಾಗಿ ಏರಿದ. ಆಮೇಲೆ ಮೂವರೂ ನನ್ನ ಕಡೆ ನೋಡಿದರು.

‘ನನ್ನವನು ಹತ್ತಲ್ಲ,’ ಎಂದೆ.

‘ಅಂದ್ರೆ?’ ಎಂದಳು ಗೆಳತಿ.

‘ಉಂಗುರ ತೆಗೆದು ಚಿತೆ ಹತ್ರ ಇಟ್ಟು ಹೊರಟುಹೋಗ್ತಾನೆ. ಪಡೆ ಬಿಡ್ತಾನೆ.’

‘ತಮಾಷೆ ಮಾಡ್ಬೇಡ.’

‘ಮಾಡ್ತಿಲ್ಲ.’

ದಂತವೈದ್ಯನಿಗೆ ಖುಷಿಯಾಯಿತು. ‘ಸಖತ್! ಸೇಡಾ? ಒಡೆಯನ್ನ ಕೊಂದಿದ್ದು ಇವನೇನಾ? ಇಲ್ಲಾ ಊರಲ್ಲಿ ಯಾರಾದ್ರೂ ಹುಡುಗಿ?’

‘ಏನೂ ಇಲ್ಲ. ಅವನಿಗೆ ಸಾಯೋಕೆ ಇಷ್ಟ ಇಲ್ಲ.’

‘ಅದು ಕಾರಣ ಅಲ್ಲ ಕಣೇ,’ ಎಂದಳು ಗೆಳತಿ.

ವಿಜಯಪುರದವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ‘ಅಕ್ಕಾರ, ಹನ್ನೆರಡು ವರ್ಷ ಅವನ ಮನ್ಯಾಗ ಉಂಡಾನ್ರಿ ನಿಮ್ಮಾಂವ. ಉಂಡ ಮನಿಗೆ ಎರಡು ಬಗೀಬಾರದು. ಜ್ವಾಳದ ಋಣ ಅಂತ ಒಂದು ಇರ್ತೈತಿ.’

‘ಅಲ್ಲಿ ಜೋಳ ಎಲ್ಲಿ ಬೆಳೀತಾರೋ, ಬರೀ ಮಂಜು,’ ಎಂದ ದಂತವೈದ್ಯ.

‘ನೀ ಸತ್ತಿಯಲ್ಲೋ, ಸುಮ್ನ ಕುಂದ್ರು.’

ಅಷ್ಟರಲ್ಲಿ ಗೆಳತಿಯ ತಾಯಿ ಕೋಡುಬಳೆಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ‘ಏನಿದು, ಕೆಳಗಿನ ತನಕ ಕೇಳ್ಸತ್ತೆ ಜಗಳ?’

‘ಇವಳು ಸಾಯಲ್ಲ ಅಂತಿದಾಳೆ ಅಮ್ಮ.’

‘ಒಳ್ಳೇದಾಯ್ತು ಬಿಡು. ತಗೋಮ್ಮ, ಇನ್ನೆರಡು ತಗೋ.’

‘ಸಾಕು ಆಂಟಿ.’

‘ಯಾಕೆ, ಹೊಟ್ಟೆ ಸರಿ ಇಲ್ವಾ?’

ನಮ್ಮ ಮನೆಗಳಲ್ಲಿ ಬೇಡವೆನ್ನಲು ಕಾರಣ ಬೇಕು. ತಿಂಡಿ ಬೇಡವೆಂದರೆ ಹೊಟ್ಟೆ ಕೆಟ್ಟಿರಬೇಕು, ಮದುವೆಮನೆಗೆ ಬರುವುದಿಲ್ಲವೆಂದರೆ ಪರೀಕ್ಷೆಯಿರಬೇಕು, ಗಂಡು ಬೇಡವೆಂದರೆ ಅವನಲ್ಲೊಂದು ಕುಂದಿರಬೇಕು. ಕಾರಣ ಒದಗಿಸುವುದರಲ್ಲಿ ನಾನು ಪಳಗಿದವಳು. ಯೋಧನಿಗೂ ಒಂದನ್ನು ಹೊಂದಿಸಿಕೊಡುವುದು ಕಷ್ಟವಿರಲಿಲ್ಲ. ಅನಾಥ ತಂಗಿ, ಕನಸಿನಲ್ಲಿ ಬಂದ ದೇವತೆ, ಯಾವುದಾದರೂ ನಡೆಯುತ್ತಿತ್ತು; ಗೆಳತಿ ಸಂತೋಷದಿಂದ ಅದನ್ನು ಕಥೆಗೆ ಸೇರಿಸಿಕೊಳ್ಳುತ್ತಿದ್ದಳು. ಆದರೆ ಎರಡು ವರ್ಷ ಅವನೊಳಗಿದ್ದವಳು ನಾನು. ಬೆಳಿಗ್ಗೆ ಎದ್ದು ಗಾಳಿ ಎತ್ತ ಬೀಸುತ್ತಿದೆಯೆಂದು ನೋಡುವವನು ಅವನು. ನಾಳೆಯೂ ಹಾಗೆ ನೋಡಬೇಕೆಂಬುದಕ್ಕಿಂತ ದೊಡ್ಡ ಆಸೆ ಅವನಲ್ಲಿರಲಿಲ್ಲ. ಇಲ್ಲದ್ದನ್ನು ಅವನ ಬಾಯಲ್ಲಿ ಆಡಿಸಲು ನಾನು ಸಿದ್ಧಳಿರಲಿಲ್ಲ.

‘ಹೊಟ್ಟೆ ಚೆನ್ನಾಗಿದೆ ಆಂಟಿ. ಸಾಕು, ಅಷ್ಟೇ,’ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ತಟ್ಟೆಯನ್ನು ದಂತವೈದ್ಯನ ಮುಂದಿಟ್ಟು ಕೆಳಗಿಳಿದರು.

‘ಸರಿ,’ ಎಂದಳು ಗೆಳತಿ. ‘ನಿಯಮ ಗೊತ್ತಲ್ಲ? ಪಡೆ ಬಿಟ್ಟವನ ಹತ್ರ ಪಡೆ ಕೊಟ್ಟಿದ್ದು ಯಾವುದೂ ಉಳಿಯಲ್ಲ.’ ರಬ್ಬರನ್ನು ನನ್ನ ಮುಂದಕ್ಕೆ ತಳ್ಳಿದಳು.

ಅವನ ಸಾಮಾನು, ಶಕ್ತಿಗಳನ್ನೆಲ್ಲ ಬರೆದಿಟ್ಟಿದ್ದ ಕಾಗದದಿಂದ ನಾನೇ ಅಳಿಸಿದೆ. ಗುರಾಣಿ. ಕೊಡಲಿ. ಯುದ್ಧದಲ್ಲಿ ಮೈಮೇಲೆ ಬರುತ್ತಿದ್ದ ಕರಡಿಯ ಬಲ. ಒಡೆಯ ಇಟ್ಟಿದ್ದ ಹೆಸರು. ಉಜ್ಜಿ ಉಜ್ಜಿ ಕಾಗದ ಒಂದೆಡೆ ಹರಿಯಿತು. ಉಳಿದವು ಪಡೆ ಸೇರುವ ಮೊದಲೇ ಅವನು ಕಲಿತಿದ್ದ ಕೆಲಸಗಳು: ದೋಣಿಗೆ ಹುಟ್ಟು ಹಾಕುವುದು, ಬಲೆ ಹೆಣೆಯುವುದು, ಮೀನು ಒಣಗಿಸುವುದು.

‘ಇದ್ರಲ್ಲಿ ಏನ್ ಆಡ್ತೀಯ?’ ಎಂದ ದಂತವೈದ್ಯ. ‘ಮೀನಂಗಡಿ ಇಡು.’

ಹೊರಡುವಾಗ ಗೆಳತಿ ಗೇಟಿನ ತನಕ ಬಂದಳು. ‘ಕೋಪ ಇಲ್ಲ ಕಣೇ. ಆದ್ರೆ ನನಗೆ ಎರಡು ಲೋಕ ನಡ್ಸಕ್ಕಾಗಲ್ಲ. ಹೊಸ ಪಾತ್ರ ಮಾಡ್ಕೊ, ಸ್ವರ್ಗದಲ್ಲೇ ಹುಟ್ಟಿದವಳು ಯಾರಾದ್ರೂ. ಇಲ್ಲಾಂದ್ರೆ ಬಂದು ಸುಮ್ನೆ ಕೂತ್ಕೋತೀಯಾ?’

‘ಇವನನ್ನೇ ಆಡ್ತೀನಿ. ಸುಮ್ನೆ ಕೂರ್ಬೇಕಾದ್ರೆ ಕೂರ್ತೀನಿ.’

ಬಸ್ಸಿನ ಕಡೆ ಹೋಗುವ ದಾರಿಯಲ್ಲಿ, ಒಂದು ಚಿಕ್ಕ ದೇವಸ್ಥಾನದ ಗೋಡೆಗೆ ಒರಗಿಸಿಟ್ಟ ವೀರಗಲ್ಲಿದೆ. ಯಾರೋ ಅದಕ್ಕೆ ಕುಂಕುಮ ಹಚ್ಚುತ್ತಾರೆ, ಇನ್ಯಾರೋ ಅದರ ಮಗ್ಗುಲಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಎಷ್ಟೋ ಸಲ ದಾಟಿ ಹೋಗಿದ್ದೆ. ಆ ಸಂಜೆ ನಿಂತು ನೋಡಿದೆ. ಕೆಳಗಿನ ಅಂತಸ್ತಿನಲ್ಲಿ ಕತ್ತಿ ಹಿಡಿದು ಸಾಯುತ್ತಿರುವವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನೇ. ಜೊತೆಗೆ ಕಾದಾಡಿ ಬದುಕಿ ಮನೆಗೆ ಮರಳಿದವನು ಯಾವ ಅಂತಸ್ತಿನಲ್ಲೂ ಇಲ್ಲ. ಆದರೆ ಈ ಕಲ್ಲನ್ನು ಇಲ್ಲಿಗೆ ಹೊತ್ತು ತಂದು ನಿಲ್ಲಿಸಲು ಯಾರಾದರೂ ಬದುಕಿರಲೇಬೇಕಿತ್ತಲ್ಲ.

ವಾರದ ನಡುವೆ ದಂತವೈದ್ಯನ ಮೆಸೇಜು ಬಂತು: ‘ಮಗಾ, ಸುಮ್ನೆ ಚಿತೆ ಹತ್ತಿಬಿಡು. ಎಲ್ರಿಗೂ ಈಸಿ.’ ‘ಇಲ್ಲ’ ಎಂದು ಬರೆದೆ. ಅದರ ಮುಂದೆ ಇನ್ನೊಂದು ವಾಕ್ಯ ಸೇರಿಸಬೇಕೆನಿಸಿತು, ಸೇರಿಸಲಿಲ್ಲ.

ನಿಜ ಹೇಳಬೇಕೆಂದರೆ ಸ್ವರ್ಗ ಚೆನ್ನಾಗಿತ್ತು. ಹಗಲೆಲ್ಲ ಯುದ್ಧ, ಸಂಜೆಯಾದೊಡನೆ ಸತ್ತವರೆಲ್ಲ ಎದ್ದು ಮೈ ಕೊಡವಿಕೊಂಡು ಊಟಕ್ಕೆ ಕೂರುವುದು. ದಂತವೈದ್ಯ ಒಬ್ಬ ದೈತ್ಯನ ಹಲ್ಲು ಕಿತ್ತು ದೇವತೆಗಳಿಂದ ಶಹಭಾಸ್ ಪಡೆದ. ನಾನು ನಕ್ಕೆ, ಕೇಳಿದೆ, ಕೂತೆ. ಆ ಮೊದಲ ಶನಿವಾರ ನನ್ನ ಸರದಿ ಬರಲೇ ಇಲ್ಲ. ಕಾಫಿ ತಂದ ಆಂಟಿ ಮಾತ್ರ ‘ಬದುಕಿದಾನಾ ನಿನ್ನವನು?’ ಎಂದು ಕೇಳಿದರು.

‘ಇದಾನೆ ಆಂಟಿ.’

‘ಹಾಗಾದ್ರೆ ನೀನು ಮೊದಲು ಕುಡಿ. ಸತ್ತವರು ಕಾಯ್ತಾರೆ.’

ಮುಂದಿನ ಶನಿವಾರ ಎಲ್ಲರೂ ಚೀಲ ಹೆಗಲಿಗೇರಿಸುತ್ತಿದ್ದಾಗ ಗೆಳತಿ ಬೇಸರದಿಂದಲೇ ಕೇಳಿದಳು: ‘ಸರಿ, ಏನ್ ಮಾಡ್ತಿದಾನೆ ನಿನ್ನೋನು?’

‘ಒಡೆದ ದೋಣಿಗೆ ಹಲಗೆ ಹೊಂದಿಸ್ತಿದಾನೆ.’

‘ದಾಳ ಹಾಕು.’

ಹಾಕಿದೆ. ಹಲಗೆ ಸೀಳಿತು.

‘ಇನ್ನೊಂದು ಹಲಗೆ ಹುಡುಕ್ತಾನೆ,’ ಎಂದೆ.

ಹೀಗೆ ಆಟದ ಕೊನೆಯ ಕೆಲವು ನಿಮಿಷ ನನ್ನದಾಯಿತು. ಪಡೆಯವರ ಮನೆಗಳಿದ್ದ ಊರಿಗೇ ಮರಳಿದ್ದ ಅವನಿಗೆ ಅಲ್ಲಿ ಯಾರೂ ಬೆಂಕಿ ಕೊಡುತ್ತಿರಲಿಲ್ಲ. ಅವನನ್ನು ‘ಚಿತೆಗಳ್ಳ’ ಎಂದು ಕರೆಯುತ್ತಿದ್ದರು. ಊರವರ ಬೈಗುಳಗಳನ್ನು ಗೆಳತಿ ಬಲು ರುಚಿಯಾಗಿ ಆಡುತ್ತಿದ್ದಳು. ಬೇಕಂತಲೇ ಆಡುತ್ತಿದ್ದಳೆಂದು ನನಗೆ ತಿಳಿದಿತ್ತು. ಅವನು ಒಂದಕ್ಕೂ ಎದುರುತ್ತರ ಕೊಡಲಿಲ್ಲ. ದೋಣಿ ಮುಗಿಯಿತು. ಮೀನು ಸಿಕ್ಕಿತು, ಸಿಗಲಿಲ್ಲ, ಮತ್ತೆ ಸಿಕ್ಕಿತು. ಆ ನಿಮಿಷಗಳಲ್ಲಿ ವಿಜಯಪುರದವನು ಕೋಣೆಯಲ್ಲಿ ಇರುತ್ತಿರಲಿಲ್ಲ. ನನ್ನ ಸರದಿ ಬಂದೊಡನೆ ಕೆಳಗಿಳಿದು ಶೂ ಹಾಕಿಕೊಳ್ಳುತ್ತಿದ್ದ.

ಒಂದು ಶನಿವಾರ ಅವನು ಇಳಿಯಲಿಲ್ಲ. ಸ್ವರ್ಗದ ಊಟದ ನಡುವೆಯೇ ಕೈಯೆತ್ತಿದ.

‘ಒಂದು ಮಾತು. ನಮ್ಮವ್ವ ಏನ್ ಮಾಡಾಕತ್ತಾಳ?’

ಗೆಳತಿಗೆ ಅರ್ಥವಾಗಲಿಲ್ಲ. ‘ಯಾರು?’

‘ನನ್ನ ಯೋಧನ ಅವ್ವ. ಊರಾಗ ಅದಾಳಲ್ಲ. ಆಟ ಶುರು ಮಾಡೂ ಮುಂದ ನಾನ ಹೇಳಿದ್ನಿ, ಒಬ್ಬಾಕಿ ಅವ್ವ ಅದಾಳ ಅಂತ.’

‘ನೀನು ಸತ್ತಿದೀಯಪ್ಪ. ಅಲ್ಲಿಂದ ಕೆಳಗಿಂದು ಕಾಣಲ್ಲ.’

‘ಅಂವ ಕೇಳಾಕತ್ತಿಲ್ಲ. ನಾ ಕೇಳಾಕತ್ತೀನಿ.’ ಅವನು ನನ್ನ ಕಡೆ ತಿರುಗಿದ. ‘ಅಕ್ಕಾರ, ನಿಮ್ಮಾಂವ ಅಲ್ಲೇ ಅದಾನಲ್ರಿ. ಒಂದೀಟು ಹೋಗಿ ನೋಡ್ತಾನೇನು?’



‘ಹೋಗ್ತಾನೆ,’ ಎಂದೆ. ‘ಬಾಗಿಲು ಬಡೀತಾನೆ.’

ಈ ಸಲ ಗೆಳತಿಯ ದನಿಯಲ್ಲಿ ಆಟವಿರಲಿಲ್ಲ. ‘ಅವಳು ಬಾಗಿಲು ತೆಗೆಯಲ್ಲ. ಒಳಗಿಂದಾನೇ ಕೇಳ್ತಾಳೆ: ನನ್ನ ಮಗ ಹೋದ. ನೀನ್ಯಾಕೆ ಉಳಿದೆ?’

ಗೆಳತಿ ದಾಳದ ಕಡೆ ಕೈ ತೋರಿಸಿದಳು. ‘ಅವಳನ್ನ ಒಪ್ಪಿಸ್ಬೇಕಾದ್ರೆ ಹಾಕು. ಕಷ್ಟ ಇದೆ.’

‘ಹಾಕಲ್ಲ. ಅವನು ಏನೂ ಹೇಳಲ್ಲ,’ ಎಂದೆ. ‘ಅಂಗಳದಲ್ಲಿ ಹಿಮ ಎಷ್ಟಿದೆ?’

‘ಮೊಣಕಾಲುದ್ದ.’

‘ಸಲಿಕೆ ಇದೆಯಾ?’

‘ಗೋಡೆಗೆ ಒರಗ್ಸಿದೆ. ಅವಳ ಮಗಂದು.’

ಕೇಳದೆ ತೆಗೆದುಕೊಳ್ಳುವಂತಿರಲಿಲ್ಲ. ನಾನು ವಿಜಯಪುರದವನ ಮುಖ ನೋಡಿದೆ. ಅವನು ತನ್ನ ದಾಳವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ.

‘ತಗೊಳ್ರಿ,’ ಎಂದ. ‘ಬಾಗಲ ಮುಂದಿಂದು ಮೊದಲ ತಗೀರಿ ಅಕ್ಕಾರ. ಆಕಿ ನೀರಿಗೆ ಹೊರಗ ಬರಬೇಕಲ್ಲ.’

ಬಾಗಿಲ ಮುಂದಿನಿಂದಲೇ ಶುರುಮಾಡಿದೆ.