ಮಾಮಾನ ಆರು ಉಪವಾಸ

ಹೇಳಿದರೆ ನೀವು ನಂಬುವುದಿಲ್ಲ. ಹದಿನೈದು ದಿನದಲ್ಲಿ ಆರು ಉಪವಾಸ ಮಾಡಿದ ನಮ್ಮ ಮಾಮಾ ತೂಕದಲ್ಲಿ ಮೂರು ಸೇರು ಹೆಚ್ಚಾದರು!

ಮಾಮಾ ಅಂದರೆ ಅವ್ವನ ಅಣ್ಣ. ಬಾಗಲಕೋಟೆಯಲ್ಲಿ ಸಾಲಿ ಮಾಸ್ತರು, ನಮ್ಮ ಮನೆಯಲ್ಲೇ ಇರುತ್ತಾರೆ. ಅವರು ಕೂತೆದ್ದ ಕುರ್ಚಿಗೆ ಎರಡು ದಿನ ರಜೆ ಕೊಡಬೇಕು. (ಸುಳ್ಳಲ್ಲ. ಸರಿ, ಒಂದೂವರೆ ದಿನ.)

ಹೋದ ವರ್ಷ ಮಕ್ಕಳಿಗೆ ಬಾದಾಮಿ ಗುಹೆ ತೋರಿಸಲು ಹೋದವರು ಹತ್ತನೇ ಮೆಟ್ಟಿಲಲ್ಲೇ ಕೂತುಬಿಟ್ಟರು. ಮೇಲೆ ಹೋದ ಮಕ್ಕಳಿಗೆ ಪಾಠ ಹೇಳಿದ್ದು ಮಂಗಗಳು. ಈ ಸಲವೂ ಹತ್ತದಿದ್ದರೆ ಪ್ರವಾಸ ಬೇರೆ ಮಾಸ್ತರರಿಗೆ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದಾರೆ. ಮಾಮಾಗೆ ಆ ಗುಹೆಗಳೆಂದರೆ ಪ್ರಾಣ. ಪ್ರವಾಸಕ್ಕೆ ಇರುವುದು ಒಂದೇ ತಿಂಗಳು. ನಡೆಯಿರಿ, ಕಡಿಮೆ ತಿನ್ನಿರಿ ಎಂದರು ಡಾಕ್ಟರು.

ಟ್ರೇನರ್ ಯಾರು? ನಾನೇ. (ವಯಸ್ಸು ಹದಿನಾರು, ಅನುಭವ ಅಪಾರ.) ಅವ್ವ ತಂಗಿಯ ಬಾಣಂತನಕ್ಕೆಂದು ಇಳಕಲ್ಲಿಗೆ ಹೋಗಿದ್ದಳು, ಮನೆಯಲ್ಲಿ ಮಾಮಾನ ಅವ್ವ, ಅಂದರೆ ನಮ್ಮ ಅಜ್ಜಿ ಮಾತ್ರ, ಹಾಗಾಗಿ ಕೇಳುವವರೂ ಇರಲಿಲ್ಲ.

ದಿನಾ ಬೆಳಿಗ್ಗೆ ವಾಕಿಂಗ್. ಮಾಮಾನ ಏದುಸಿರಿಗೆ ಟಾಂಗಾ ಕುದುರೆಗಳು ದಾರಿ ಬಿಡುತ್ತಿದ್ದವು. ಒಂದು ದಿನವೂ ತಪ್ಪಿಸಲಿಲ್ಲ. ಊಟ ಕಡಿಮೆಯಾಗಲೆಂದು ಸೋಮವಾರ, ಶನಿವಾರ, ಸಂಕಷ್ಟಿ, ಏಕಾದಶಿ ಎಲ್ಲ ಹಿಡಿದರು. ಇಷ್ಟು ಶಿಸ್ತು ನಿಮಗಿದೆಯೇ?

ಹದಿನೈದನೇ ದಿನ, ಏಕಾದಶಿ, ಮೊದಲ ದಿನ ತೂಗಿಸಿದ್ದ ಹತ್ತಿ ಅಂಗಡಿಯ ತೂಕದ ಕಾಟಾ ಮೇಲೆ ಮತ್ತೆ ನಿಲ್ಲಿಸಿದೆ. ಹಮಾಲ ಎರಡೆರಡು ಸಲ ತೂಗಿದ.

"ಮಾಸ್ತರ, ಹೋದ ಸಲಕ್ಕಿಂತ ಮೂರು ಸೇರು ಜಾಸ್ತಿ ಐತ್ರಿ. ಮಳ್ಯಾಗ ತೊಯ್ದ ಹತ್ತಿ ಹಂಗ ಏರೀರಲ್ರಿ."

ಮಾಮಾ ಮನೆಗೆ ಬಂದು ಮೆಲ್ಲಗೆ, "ಈ ವರ್ಷನೂ ಮಂಗ್ಯಾಗಳೇ ಪಾಠ ಹೇಳಬೇಕೇನೋ ತಮ್ಮಾ" ಅಂದರು. ನನಗೂ ನಗು ಬರಲಿಲ್ಲ.

ಸಮಾಧಾನಕ್ಕೆಂದು ಉಪವಾಸದ ಫಳಾರದ ತಾಟು ತಂದಿಟ್ಟೆ. ಮಗ ಉಪವಾಸವಿದ್ದಾನಲ್ಲ ಎಂದು ಅಜ್ಜಿ ಪ್ರತಿ ಸಲ ಕಣ್ಣೀರಿನ ಜೊತೆ ತುಪ್ಪವನ್ನೂ ಸುರಿಸುತ್ತಿದ್ದಳು. ಅದರಲ್ಲಿ ಈಜುವ ಸಾಬೂದಾಣಿ ಖಿಚಡಿ, ಕೆನೆಮೊಸರು, ಎಂಟು ಶೇಂಗಾ ಉಂಡಿ. ನಾಲ್ಕು ಅವರಿಗೆ, ನಾಲ್ಕು ಟ್ರೇನರ್‌ಗೆ.

ಮೂರನೇ ಉಂಡಿ ನನ್ನ ಬಾಯಲ್ಲಿದ್ದಾಗ ಬಾಗಿಲಲ್ಲಿ ಅವ್ವ! ಇಳಕಲ್ಲಿನಿಂದ ಬಂದವಳು ಕೈಚೀಲವನ್ನೂ ಇಳಿಸಲಿಲ್ಲ. ತಾಟು ನೋಡಿದಳು, ನನ್ನ ಉಬ್ಬಿದ ಗಲ್ಲ ನೋಡಿದಳು. ಉಂಡಿ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿದಳು.

"ಅಣ್ಣಾ, ಗುಡ್ಡ ಏರಬೇಕಂದ್ರ ನಾಳಿಂದ ಉಪವಾಸ ಬಿಡು, ಊಟ ಮಾಡು."