ಹೊರಬಾಗಿಲ ದೀಪದ ಸಾಲು

ಆಫೀಸಿನಲ್ಲಿ ಅವನಿಗೆ ಇಟ್ಟ ಹೆಸರು ‘ಹೋಗ್ಲಿಬಿಡು’. ಕಾಫಿ ಯಂತ್ರ ಕೆಟ್ಟರೂ ಹೋಗ್ಲಿ ಬಿಡು, ತನಗೆ ಬರಬೇಕಾದ ಬಡ್ತಿ ಪಕ್ಕದವನ ಪಾಲಾದರೂ ಹೋಗ್ಲಿ ಬಿಡು. ಇಂಥ ಮನುಷ್ಯನೂ ಲೋಕಕ್ಕೆ ಒಂದು ವಸ್ತು ಕೊಟ್ಟಿದ್ದಾನೆ ಅಂದರೆ ನೀವು ನಂಬಲಿಕ್ಕಿಲ್ಲ. ಅದೊಂದು ಲೈಬ್ರರಿ. ಪುಸ್ತಕದ್ದಲ್ಲ ಮತ್ತೆ! ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಒಂದು ಪುಟ್ಟ ಪ್ರೋಗ್ರಾಮು.

ಯಂತ್ರ ಹೇಗೆ ನಡೆದುಕೊಳ್ಳಬೇಕು ಎಂದು ಜನ ಒಂದು ಫೈಲಿನಲ್ಲಿ ಬರೆದಿಡುತ್ತಾರೆ. ಫ್ಯಾನ್ ಯಾವಾಗ ತಿರುಗಬೇಕು, ನೀರು ಎಷ್ಟು ಬಿಸಿಯಾಗಬೇಕು, ಹೀಗೆ ಸಾಲಿಗೊಂದು ಮಾತು. ಅದು ಕಾನ್ಫಿಗ್ ಫೈಲು. ಆ ಸಾಲುಗಳನ್ನು ಓದಿ ಯಂತ್ರಕ್ಕೆ ಮುಟ್ಟಿಸುವುದಷ್ಟೇ ಇವನ ಲೈಬ್ರರಿಯ ಕೆಲಸ. ಇದೇ ಕೆಲಸಕ್ಕೆ ದೊಡ್ಡ ದೊಡ್ಡ ಲೈಬ್ರರಿಗಳು ರಾಶಿ ಬಿದ್ದಿವೆ. ಇವನದು ತೀರಾ ಹಗುರ, ಅಂಗೈಯಗಲದ ಅಗ್ಗದ ಕಂಪ್ಯೂಟರ್ ಪೆಟ್ಟಿಗೆಯೊಳಗೂ ಹಿಡಿಸುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಇಟ್ಟಿದ್ದ. ಅದಕ್ಕೊಂದು ಗುಣವಿತ್ತು. ಅರ್ಥವಾಗದ ಸಾಲು ಎದುರಾದರೆ ಪಿಟ್ಟೆನ್ನದೆ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಿಬಿಡುತ್ತಿತ್ತು. ಮಾಡಿದವನ ಸ್ವಭಾವವೇ ಮಾಡಿದ್ದಕ್ಕೂ ಬಂದಿತ್ತು, ಇನ್ನೇನು!

ಅವನ ಹೆಂಡತಿ ಮನೆಯಲ್ಲೇ ಕೂತು ಅವರಿವರಿಗೆ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ಜ್ವರ ಅಂತ ಆಸ್ಪತ್ರೆಗೆ ಸೇರಿದವಳು ವಾಪಸು ಬರಲಿಲ್ಲ. ಇವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ‘ಗಟ್ಟಿ ಮನುಷ್ಯ’ ಎಂದು ನೆಂಟರು ಹೇಳಿಕೊಂಡು ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮುಂಚೆ ಮದ್ದು ಚುಚ್ಚಿದ ಒಸಡಿನ ಹಾಗಾಗಿದ್ದ, ಅಷ್ಟೇ. ಸಿಂಕಿನ ಮುಂದೆ ನಿಂತೇ ಬ್ರೆಡ್ಡು ತಿನ್ನುತ್ತಿದ್ದ. ಕೈಗೆ ಸಿಕ್ಕಿದ ಶರ್ಟು ಹಾಕುತ್ತಿದ್ದ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಯಾರದೋ ಪರದೆ ಅರ್ಧ ಹೊಲಿದಂತೆಯೇ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಬೇಕು ಅಂತಲೂ ಅನಿಸಲಿಲ್ಲ, ಇಟ್ಟುಕೊಳ್ಳಬೇಕು ಅಂತಲೂ ಅನಿಸಲಿಲ್ಲ.

ಅವನಿಗೆ ಬೇಕಾಗಿದ್ದು ಒಂದೇ ಒಂದು. ಹೊರಬಾಗಿಲ ದೀಪ ಹತ್ತಬೇಕು.

ಆ ದೀಪದ ಕತೆ ಹೀಗೆ. ವರ್ಷಗಳ ಹಿಂದೆ ಅವನು ಮನೆಯ ದೀಪಗಳಿಗೆಲ್ಲ ಒಂದು ಪೆಟ್ಟಿಗೆ ಜೋಡಿಸಿ, ಅದರೊಳಗೆ ತನ್ನ ಲೈಬ್ರರಿ ಕೂರಿಸಿ, ಕಾನ್ಫಿಗ್ ಫೈಲು ಬರೆದಿದ್ದ. ಸಂಜೆ ತಾನು ಬಸ್ಸಿಳಿದು ಮನೆಯ ಬೀದಿಗೆ ತಿರುಗುವ ಹೊತ್ತಿಗೆ ಹೊರಬಾಗಿಲ ದೀಪ ತಾನಾಗಿ ಹತ್ತಬೇಕು, ಹೆಂಡತಿ ಹೊಲಿಗೆ ಬಿಡಬೇಕಾಗಬಾರದು ಎಂದು ಅದರಲ್ಲೊಂದು ಸಾಲು. ಅವತ್ತಿನಿಂದ ದೀಪ ಹತ್ತಿತು. ಬಸ್ಸು ತಡವಾದ ದಿನವೂ ಉರಿಯುತ್ತಲೇ ಇತ್ತು. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಾಗ ಮಾತ್ರ ಕೈಕೊಟ್ಟಿತ್ತು. ಕರೆಂಟಿನ ತೊಂದರೆ ಇರಬೇಕು, ಹೋಗ್ಲಿ ಬಿಡು ಅಂದುಕೊಂಡಿದ್ದ. ಅವಳು ಬಂದಮೇಲೆ ಸರಿಹೋಯಿತು. ಈಗ ಅವಳು ಆಸ್ಪತ್ರೆಗೆ ಹೋದಂದಿನಿಂದ ಮತ್ತೆ ಕೆಟ್ಟು ಕೂತಿದೆ. ಜೀವಮಾನದಲ್ಲಿ ಹೆಂಡತಿಗೆ ಅಂತ ತಾನು ಮಾಡಿಕೊಟ್ಟದ್ದು ಅದೊಂದೇ ಎಂದು ಅವನ ಮನಸ್ಸಿನಲ್ಲಿತ್ತು. ಅದೂ ಹೋಗಿಬಿಟ್ಟರೆ ಉಳಿಯುವುದೇನು?

ಎಲೆಕ್ಟ್ರಿಷಿಯನ್ ಬಂದ. ಬಲ್ಬು ಬದಲಾಯಿಸಿದ, ವೈರು ಎಳೆದು ನೋಡಿದ. ಹೊಲಿಗೆ ಯಂತ್ರದ ಹಿಂದಿನ ಗೋಡೆಯಲ್ಲಿದ್ದ ಸ್ವಿಚ್ ಒತ್ತಿದ. ದೀಪ ಝಗ್ ಎಂದಿತು.

“ಹತ್ತುತ್ತಲ್ಲ ಸಾರ್, ಇನ್ನೇನ್ ಬೇಕು?”

“ಸ್ವಿಚ್ ಹಾಕಿದ್ರೆ ಹತ್ತೋದು ಬೇಡಪ್ಪ. ತಾನಾಗೇ ಹತ್ಬೇಕು.”

ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. “ಅದು ನಿಮ್ ಪೆಟ್ಟಿಗೆ ಕೆಲ್ಸ, ನನಗೊತ್ತಾಗಲ್ಲ. ಆದ್ರೆ ಈ ಸ್ವಿಚ್ ಪೂರ್ತಿ ಸವೆದುಹೋಗಿದೆ ನೋಡಿ. ಸುತ್ತ ಬಣ್ಣಾನೂ ಹೋಗಿದೆ. ಹೊಸದು ಹಾಕ್ಲಾ?”

“ಯಾರೂ ಮುಟ್ಟದ ಸ್ವಿಚ್ಚು ಅದು. ಹೋಗ್ಲಿ ಬಿಡು.”

ಎಲೆಕ್ಟ್ರಿಷಿಯನ್ ಹೋದಮೇಲೆ ತಾನೇ ಪೆಟ್ಟಿಗೆ ಬಿಚ್ಚಿ ನೋಡಿದ, ಮುಚ್ಚಿದ. ಫೈಲು ತೆಗೆದು ನೋಡಿದ. ಸಾಲು ಇದ್ದಲ್ಲೇ ಇತ್ತು, ಎಲ್ಲಕ್ಕಿಂತ ಮೇಲೆ. ಮಗಳು ಫೋನಿನಲ್ಲಿ ದಿನವೂ ಕೇಳುವಳು, “ಊಟ ಆಯ್ತಾ ಅಪ್ಪ?” ಅವನದು ಒಂದೇ ಉತ್ತರ, “ದೀಪ ಇನ್ನೂ ಹತ್ತಿಲ್ಲ.” ಅವಳು ಮಾತು ಬದಲಿಸಿಬಿಡುವಳು.

ಆಫೀಸಿನಲ್ಲಿ ಎದುರು ಮೇಜಿನಾಕೆಯದು ಬೇರೆಯೇ ಗಲಾಟೆ. ಆಕೆಯೂ ಇವನ ಹಾಗೆ ಪ್ರೋಗ್ರಾಮು ಬರೆಯುವವಳು, ಬಾಯಿ ಮಾತ್ರ ಇವನಿಗಿಂತ ಹತ್ತುಪಟ್ಟು ಜೋರು.

“ಏನ್ರೀ, ಆ ಕೋಳಿ ಸಾಕೋರು ಬರೆದಿದ್ದು ಓದಿದ್ರಾ? ಮರಿ ಮಾಡೋ ಪೆಟ್ಟಿಗೆಗೆ ನಿಮ್ಮ ಲೈಬ್ರರಿ ಹಾಕಿದ್ರಂತೆ. ಶಾಖದ ಸಾಲಲ್ಲಿ ಏನೋ ತಪ್ಪಿತ್ತಂತೆ. ನಿಮ್ಮದು ಸುಮ್ನೆ ದಾಟ್ಕೊಂಡು ಹೋಗಿದೆ. ಮೊಟ್ಟೆ ಎಲ್ಲಾ ತಣ್ಣಗಾಗಿ ಹಾಳಾದ್ವು.”

“ಓದೋದು ಅದರ ಕೆಲ್ಸ. ಬೈಯೋದಲ್ಲ.”

“ಬೈಯೋದು ಬೇಡ್ರೀ, ಬಾಯಿ ಬಿಟ್ರೆ ಸಾಕು! ‘ಈ ಸಾಲು ನಂಗೆ ಅರ್ಥ ಆಗ್ಲಿಲ್ಲ’ ಅಂತ ಒಂದು ಮಾತು. ಹಾಗೆ ಹೇಳೋ ತರ ನಾನೇ ತಿದ್ದಿ ಕಳಿಸಿದೀನಿ. ಒಂದ್ಸಲ ಹಾಕಿ ನೋಡಿ, ನಿಮ್ಮ ದಮ್ಮಯ್ಯ.”

ಬೇರೆ ದಿನವಾಗಿದ್ದರೆ ಹೋಗ್ಲಿ ಬಿಡಿ ಎನ್ನುತ್ತಿದ್ದ. ಅವತ್ತು ಅದನ್ನು ಅನ್ನುವುದಕ್ಕೂ ಸಾಕಾಗಿತ್ತು. ಹೂಂ ಅಂದ. ಎಲ್ಲಿ ಹಾಕಿ ನೋಡುವುದು? ಮನೆಯ ಪೆಟ್ಟಿಗೆಯಿತ್ತಲ್ಲ.

ಆ ಭಾನುವಾರ ಮಗಳು ಬಂದಿದ್ದಳು. ಅವಳು ಫ್ರಿಜ್ಜಿನಲ್ಲಿ ಕೊಳೆತಿದ್ದನ್ನೆಲ್ಲ ಎತ್ತಿ ಚೀಲಕ್ಕೆ ತುಂಬುತ್ತಿದ್ದಾಗ ಇವನು ಆಫೀಸಿನಾಕೆ ತಿದ್ದಿ ಕಳಿಸಿದ ಲೈಬ್ರರಿ ಹಾಕಿ ಪೆಟ್ಟಿಗೆ ಶುರುಮಾಡಿದ. ಶುರುವಾಗಲಿಲ್ಲ. ಬದಲಿಗೆ ಕಂಪ್ಯೂಟರ್ ಪರದೆಯ ಮೇಲೆ ಒಂದು ಮಾತು ಬಂತು: ‘ಮೊದಲ ಸಾಲು ಯಾವ ಕೋಣೆಗೂ ಸೇರಿಲ್ಲ. ಇದನ್ನು ಓದಲಾಗದು.’

ಅವನು ಕೂತಲ್ಲೇ ಕೂತ. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ, ನಿಯಮ ಮಾಡಿದವನು ಅವನೇ. ಮೊದಲು ಕೋಣೆಯ ಹೆಸರು, ಅದರ ಕೆಳಗೆ ಆ ಕೋಣೆಯ ಸಾಲುಗಳು. ಅಡುಗೆಮನೆಯ ಕೆಳಗೆ ಅಡುಗೆಮನೆಯ ದೀಪ, ಪಡಸಾಲೆಯ ಕೆಳಗೆ ಪಡಸಾಲೆಯ ದೀಪ. ಹೊರಬಾಗಿಲು ಯಾವ ಕೋಣೆ? ಯಾವುದೂ ಅಲ್ಲ. ಹಾಗಾಗಿ ಅವತ್ತು ಅದನ್ನೊಂದೇ ಎಲ್ಲಕ್ಕಿಂತ ಮೇಲೆ, ಯಾವ ಹೆಸರಿನ ಕೆಳಗೂ ಸೇರಿಸದೆ ಬರೆದುಬಿಟ್ಟಿದ್ದ. ಅಲ್ಲೇ ಎಡವಟ್ಟಾಗಿತ್ತು. ಅವನ ಲೈಬ್ರರಿ ಆ ಸಾಲನ್ನು ಮೊದಲ ದಿನದಿಂದಲೂ ದಾಟಿಕೊಂಡೇ ಹೋಗಿತ್ತು. ಒಂದು ದಿನವೂ ಓದಿರಲಿಲ್ಲ.

“ಹಾಗಾದ್ರೆ ದೀಪ ಹೇಗೆ ಹತ್ತುತ್ತಿತ್ತು?” ಎಂದು ಬಾಯಿಬಿಟ್ಟೇ ಕೇಳಿದ.

ಮಗಳು ಕೈ ಒರೆಸಿಕೊಂಡು ಬಂದು ಕಂಪ್ಯೂಟರ್ ನೋಡಿದಳು. ನೋಡಿ ಅಲ್ಲೇ ಕುರ್ಚಿ ಎಳೆದುಕೊಂಡಳು.

“ಅಮ್ಮ ಹಾಕ್ತಿದ್ಲು ಅಪ್ಪ.”

“ಏನು?”

“ಮೊದಲನೇ ದಿನಾನೇ ಹತ್ಲಿಲ್ಲ. ನೀನು ಆಗ್ಲೇ ಬೀದಿ ತಿರುವಿಗೆ ಬಂದಿದ್ದೆ. ಅಮ್ಮ ಕಿಟಕೀಲಿ ನೋಡಿ, ಹೊಲಿಯೋದು ಬಿಟ್ಟು ಸ್ವಿಚ್ ಒತ್ತಿದ್ಲು. ನೀನು ಒಳಗೆ ಬಂದವನೇ ‘ನೋಡಿದ್ಯಾ ನನ್ನ ಕೆಲ್ಸ!’ ಅಂತ ಕುಣಿದುಬಿಟ್ಟೆ. ನಾನು ಹೇಳೋಕೆ ಹೋದ್ರೆ ಅಮ್ಮ ಕೈ ಚಿವುಟಿದ್ಲು. ‘ಸುಮ್ನಿರೇ, ನಿಮ್ಮಪ್ಪ ನಗೋದೇ ಅಪರೂಪ’ ಅಂದ್ಲು. ಆಮೇಲೆ ದಿನಾ ಅದೇ ಆಯ್ತು. ಸಂಜೆ ಆಗ್ತಿದ್ದ ಹಾಗೆ ಯಂತ್ರಾನ ಕಿಟಕಿ ಕಡೆ ತಿರುಗಿಸ್ಕೊಂಡು ಕೂರೋಳು.”

“ನೀನು ಈಗ್ಲಾದ್ರೂ ಹೇಳ್ಬಾರದಿತ್ತಾ? ಇಷ್ಟು ದಿನ ನಾನು ಬಲ್ಬು, ವೈರು ಅಂತ ಒದ್ದಾಡಿದೆ.”

“ಹೇಗಪ್ಪ ಹೇಳ್ಲಿ? ಅದೊಂದನ್ನೇ ಹಿಡ್ಕೊಂಡು ಕೂತಿದ್ದೆ ನೀನು.”

ಅವನು ಮತ್ತೆ ಫೈಲು ತೆರೆದ. ‘ಹೊರಬಾಗಿಲು’ ಎಂದು ಒಂದು ಹೆಸರು ಮೇಲೆ ಸೇರಿಸಿದ್ದರೆ ಸಾಕಿತ್ತು, ಸಂಜೆಗೆ ದೀಪ ತಾನಾಗಿ ಹತ್ತುತ್ತಿತ್ತು. ಬೆರಳು ಕೀಬೋರ್ಡಿನ ಮೇಲೆಯೇ ಇತ್ತು. ಬರೆಯಲಿಲ್ಲ. ಆ ಸಾಲನ್ನೇ ಅಳಿಸಿಬಿಟ್ಟ. ಪೆಟ್ಟಿಗೆ ತಕರಾರಿಲ್ಲದೆ ಶುರುವಾಯಿತು.

ಸಂಜೆ ಮಗಳು ಹಾಲು ತರಲು ಅಂಗಡಿಗೆ ಹೋದಳು. ಅವನು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಲ್ಲಿ ಕೂತ. ಮೊದಲ ಸಲ ಕೂತದ್ದು. ಅಲ್ಲಿಂದ ನೋಡಿದರೆ ಬೀದಿ ತಿರುವು ಪೂರ್ತಿ ಕಾಣುತ್ತಿತ್ತು, ಬಸ್ ಸ್ಟಾಪಿನ ಕಂಬವೂ ಕಾಣುತ್ತಿತ್ತು. ಕತ್ತಲಾಯಿತು. ಒಬ್ಬೊಬ್ಬರೇ ಬಂದರು, ಹೋದರು. ಆಮೇಲೆ ಮಗಳು ತಿರುವಿನಲ್ಲಿ ಕಂಡಳು, ಕೈಯಲ್ಲಿ ಚೀಲ.

ಎದ್ದು ನಿಲ್ಲಬೇಕಾಗಲಿಲ್ಲ. ಕೂತಲ್ಲಿಂದಲೇ ಕೈ ಚಾಚಿದರೆ ಸ್ವಿಚ್ ಸಿಗುತ್ತಿತ್ತು. ನಡುವೆ ನುಣ್ಣಗೆ ಸವೆದು ಗುಳಿಬಿದ್ದಿತ್ತು, ಅವಳ ಬೆರಳಿನಷ್ಟೇ ಅಗಲ. ಅವನ ಹೆಬ್ಬೆರಳು ಅದರಲ್ಲಿ ಪೂರ್ತಿ ಹಿಡಿಸಲಿಲ್ಲ. ಒತ್ತಿದ.

ಹೊರಗೆ ದೀಪ ಹತ್ತಿತು. ತಿರುವಿನಲ್ಲಿ ಮಗಳು ಒಂದು ಕ್ಷಣ ನಿಂತು, ಆಮೇಲೆ ಬಿರಬಿರನೆ ನಡೆದು ಬಂದಳು.

“ತಾನಾಗೇ ಹತ್ತಿತಾ ಅಪ್ಪ?”

“ಇಲ್ಲ ಕಣೇ,” ಅಂದ. “ನೀನು ಬರೋದು ಕಂಡ್ತು. ಹಾಕಿದೆ.”

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಅರ್ಧ ಹೊಲಿದ ಆ ಪರದೆಯಲ್ಲಿ ಮುಖ ಮುಚ್ಚಿಕೊಂಡು, ಮಗಳ ಎದುರಿಗೇ, ಜೋರಾಗಿ ಅತ್ತ.