ಎಡ ಹೆಗಲಿನ ಅರ್ಧ ಇಂಚು

ನನ್ನ ಮಗಳು ರತ್ನ ಕೇಂದ್ರದ ಒಂದು ಪೊಲೀಸ್ ಪಡೆಗೆ ಡಿ.ಜಿ. ಆಗಿದ್ದಾಳೆ. ಇಡೀ ದೇಶಕ್ಕೆ ಹರಡಿದ ಪಡೆ, ಅದಕ್ಕೆ ಇವಳೇ ಮುಖ್ಯಸ್ಥೆ. ಮೊದಲು ಇದನ್ನು ಹೇಳಿಬಿಟ್ಟೆ. ಇನ್ನು ಉಸಿರು ಬಿಡುತ್ತೇನೆ.

ಮೊಮ್ಮಗಳು ಚೈತ್ರ ಫೋನಿನಲ್ಲಿ ಆರ್ಡರ್ ಓದಿ ಹೇಳಿದಾಗ ನಾನು ಕೃಷ್ಣಮೂರ್ತಿಪುರಂನ ನನ್ನ ಟೈಲರ್ ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಜಿಪ್ ಹಾಕುತ್ತಿದ್ದೆ. ತಲೆಕೆಳಗಾಗಿ ಹೊಲಿದುಬಿಟ್ಟೆ. (ಪ್ಯಾಂಟಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗುರುವಾರ ಬನ್ನಿ.)

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಪೊಲೀಸಿನಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ಹೆಗಲು ನೋಡಿದರೆ ಮಾತ್ರ ಗೊತ್ತಾಗುತ್ತದೆ. ರತ್ನಳ ಖಾಕಿಯನ್ನೆಲ್ಲ ಹೊಲಿದವನು ನಾನೇ ತಾನೇ? ಮೊದಲು ನಕ್ಷತ್ರ, ಆಮೇಲೆ ಸಿಂಹದ ಲಾಂಛನ, ಆಮೇಲೆ ಕತ್ತಿ. ಪ್ರತಿ ಪ್ರಮೋಷನ್ನಿಗೂ ಹೆಗಲ ಪಟ್ಟಿಗೆ ಹೊಸ ಕಾಜಾ. (ಈ ಸಲ ಲಾಂಛನ ಹಳೆಯದೇ ಅಂತೆ. ಭಾರ ಮಾತ್ರ ಹೊಸದು.)

ಸುಮ್ಮನೆ ಬಂತೇ ಈ ಹುದ್ದೆ? ದೊಡ್ಡವರೊಬ್ಬರ ಮರಳು ಲಾರಿ ಹಿಡಿದಳು, ವರ್ಗವಾಯಿತು. ಹೋದ ಊರಲ್ಲೂ ಹಿಡಿದಳು, ಮತ್ತೆ ವರ್ಗ. ಬೇಜಾರಾಗಲ್ವಾ ಅಂದರೆ, "ಖಾಕಿ ಮೇಲೆ ಕೊಳೆ ಕಾಣಲ್ಲ ಅಪ್ಪ, ಅದಕ್ಕೇ ಜಾಸ್ತಿ ಒಗೀಬೇಕು" ಅನ್ನುತ್ತಿದ್ದಳು.

ಚಾರ್ಜ್ ತೆಗೆದುಕೊಳ್ಳುವ ಮೊದಲು ಒಂದು ದಿನದ ಮಟ್ಟಿಗೆ ಮನೆಗೆ ಬಂದಳು. ಚೈತ್ರ ಅಂದಳು: "ತಾತ, ಹೊಸ ಯೂನಿಫಾರ್ಮ್ ದೆಹಲೀಲೇ ಹೊಲಿಸ್ತಾರಂತೆ. ನಿಮ್ಗೆ ರಿಟೈರ್‌ಮೆಂಟು."

ನನಗೆ ಚಿಂತೆ ಹತ್ತಿತು. ಅಂಗಿ ಹೋಯಿತಲ್ಲ ಅಂತ ಅಲ್ಲ. ಹದಿನಾರು ವರ್ಷದ ಹಿಂದೆ ಅಳತೆ ತೆಗೆದಾಗ ಅವಳ ಎಡ ಹೆಗಲು ಅರ್ಧ ಇಂಚು ಇಳಿದಿತ್ತು. ಗಲಾಟೆಯೊಂದರಲ್ಲಿ ಗುಂಪಿನ ನಡುವಿನಿಂದ ಒಬ್ಬ ಮುದುಕನನ್ನು ಎಳೆದು ತರುವಾಗ ಕಲ್ಲು ಬಿದ್ದಿತ್ತಂತೆ. "ಅಮ್ಮಂಗೆ ಹೇಳ್ಬೇಡಿ ಅಪ್ಪ. ಕೆಲ್ಸ ಬಿಟ್ಬುಡು ಅಂತ ಕೂತ್ಕೋತಾರೆ" ಅಂದಳು. ಹೇಳಲಿಲ್ಲ. ಅಂದಿನಿಂದ ಪ್ರತಿ ಅಂಗಿಗೂ ಎಡ ಹೆಗಲೊಳಗೆ ಒಂದು ಬಟ್ಟೆಯ ಪ್ಯಾಡು. ನೋಡುವವರಿಗೆ ಎರಡು ಹೆಗಲೂ ಸಮ.

ಟೇಪು ಹಿಡಿದು ಅವಳ ಬಳಿ ಹೋದೆ. "ದೆಹಲಿಯವನಿಗೆ ಅರ್ಧ ಇಂಚಿನ ವಿಷಯ ಗೊತ್ತಾ?" ಅಂದೆ, ಮೆಲ್ಲಗೆ.

ನಕ್ಕಳು. ನೆಟ್ಟಗೆ ನಿಂತಳು. "ಅಳ್ತೆ ತಗೊಳ್ಳಿ. ಚಾರ್ಜ್ ತಗೊಳೋ ದಿನ ನಿಮ್ಮದನ್ನೇ ಹಾಕ್ಕೋತೀನಿ."

ಸಂಜೆಯೊಳಗೆ ಹೊಲಿದು ಮುಗಿಸಿದೆ. ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ, ಬಸ್ಸಾರು. ರತ್ನ ಸಾರಿನ ಪಾತ್ರೆಗೆ ಎಡಗೈ ಚಾಚಿದಳು.

"ಆ ಕೈಲಿ ಎತ್ಬೇಡ ಕಣಮ್ಮ, ಹೆಗಲು ನೋಯುತ್ತೆ" ಅಂದಳು ನನ್ನ ಹೆಂಡತಿ.

ನಾನೂ ಮಗಳೂ ತುತ್ತು ಹಿಡಿದು ಹಾಗೇ ಕೂತೆವು.

"ಏನಂಗೆ ನೋಡ್ತೀರಿ ಇಬ್ರೂ? ಇವಳು ರಜಕ್ಕೆ ಬಂದಾಗ ಖಾಕಿ ಅಂಗಿ ಒಗೀತಿದ್ದೋಳು ನಾನಲ್ವಾ? ಮಿಕ್ಕಿದ್ದೆಲ್ಲ ಒಣಗಿದ್ರೂ ಎಡ ಹೆಗಲೊಂದು ಒಣಗ್ತಿರಲಿಲ್ಲ. ನಾನು ಬಾಯಿಬಿಟ್ರೆ ಕೆಲ್ಸ ಬಿಟ್ಬುಡು ಅನ್ಬೇಕಾಗುತ್ತೆ ಅಂತ ಸುಮ್ನಿದ್ದೆ. ಉಣ್ಣಿ, ಮುದ್ದೆ ಆರೋಗುತ್ತೆ."

ಉಂಡೆವು. ಮಗಳು ಡಿ.ಜಿ., ಸರಿ. ಪಾತ್ರೆ ತಾನೇ ಹಿಡಿದು ಬಡಿಸುತ್ತಿರುವ ಅವಳಮ್ಮನ ಹೆಗಲಿಗೆ ಯಾವ ಲಾಂಛನ ಹಾಕಬೇಕು, ನೀವೇ ಹೇಳಿ?